ವಾಚು ಹೇಳಿದ ಮೇಲೆ ನೀವೇನು ಮಾಡುತ್ತೀರಿ?

ಸೇಡಂ ಕಡೆಯ ನಿವೃತ್ತ ಮಾಸ್ತರೊಬ್ಬರು ಬರೆದ ನಾಲ್ಕು ಪುಟದ ಪತ್ರದ ಸಾರ ಇದು: "ಮಗ ಬೆಂಗಳೂರಿನಿಂದ 1,800 ರೂಪಾಯಿಯ ಸ್ಮಾರ್ಟ್‌ವಾಚ್ ಕಳಿಸಿದ್ದ. ಬಿಪಿ 118–78 ಅಂತ ತೋರಿಸುತ್ತಿತ್ತು. ಅದೇ ದಿನ ಆಸ್ಪತ್ರೆಯಲ್ಲಿ ನೋಡಿಸಿದರೆ 160–100. ಅವತ್ತೇ ಬಿಚ್ಚಿ ಕಪಾಟಿಗೆ ಹಾಕಿದೆ. ನನ್ನ ಹಳೇ ಎಚ್‌ಎಂಟಿ ಇವತ್ತಿಗೂ ನಡೆಯುತ್ತಿದೆ, ಅದೇ ಸಾಕು. ಕಲಬುರಗಿಯ ನಮ್ಮ ಬೀಗರು ಮಾತ್ರ ಒಪ್ಪುವುದಿಲ್ಲ. ಅವರದು ದುಬಾರಿ ವಾಚು. ಹಾರ್ಟ್ ಅಟ್ಯಾಕ್ ಬರುವ ಮೊದಲೇ ಅದು ಹೇಳುತ್ತದಂತೆ. ಕೋಟಿಗಟ್ಟಲೆ ಜನ ಕೊಳ್ಳುತ್ತಿದ್ದಾರೆ, ಅವರೆಲ್ಲ ದಡ್ಡರಾ ಅಂತ ಕೇಳುತ್ತಾರೆ. ನನಗೆ ಕೇಳಿದರೆ ಇದು ಆಟಿಕೆ, ನಾಲ್ಕು ವರ್ಷದಲ್ಲಿ ಈ ಧಂದೆ ಮುಚ್ಚುತ್ತದೆ. ನೀವೇನಂತೀರಿ? ಮಗನಿಗೆ ಬೇಜಾರಾಗಬಾರದು ಅಂತ ಮತ್ತೆ ಕಟ್ಟಿಕೊಳ್ಳಲಾ?"

ಮಾಸ್ತರೇ, ಶರಣು.

ಜಗಳಕ್ಕೆ ಇಳಿಯುವ ಮೊದಲು ಒಂದು ಕೇಳಬೇಕು. ಆಸ್ಪತ್ರೆಯಲ್ಲಿ 160–100 ಬಂತಲ್ಲ, ಆಮೇಲೆ ಮತ್ತೆ ಡಾಕ್ಟರ ಹತ್ತಿರ ಹೋದಿರಾ? ನಾಲ್ಕು ಪುಟದಲ್ಲಿ ಅದೊಂದನ್ನೇ ಬರೆದಿಲ್ಲ. ವಾಚು ಸುಳ್ಳು ಹೇಳಿತು ಅನ್ನೋ ಸಿಟ್ಟಿನಲ್ಲಿ ಖರೆ ನಂಬರು ಮರೆತುಹೋಗಬಾರದು. ಈ ವಾರವೇ ಹೋಗಿ ಬನ್ನಿ.

ಇನ್ನು ವಾಚಿನ ಮಾತು. ನೀವೂ ಬೀಗರೂ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿಗೆ ಕಟ್ಟಿದ್ದೀರಿ ಅನಿಸುತ್ತದೆ. ವಸ್ತು ಉಪಯೋಗಕ್ಕೆ ಬರುತ್ತದಾ ಅನ್ನೋದು ಒಂದು. ಅದನ್ನು ಮಾರಿದವರು ದುಡ್ಡು ಮಾಡಿದರಾ ಅನ್ನೋದು ಇನ್ನೊಂದು. ಒಂದಕ್ಕೆ ಹೌದು ಅಂದರೆ ಇನ್ನೊಂದಕ್ಕೂ ಹೌದು ಅನ್ನಬೇಕಿಲ್ಲ. ಬೇರೆಲ್ಲೂ ಹುಡುಕೋದು ಬೇಡ, ನಿಮ್ಮ ಎಚ್‌ಎಂಟಿಯನ್ನೇ ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ಅದರ ವಾಚ್ ಕಾರ್ಖಾನೆ ಶುರುವಾಯಿತು. ಮದುಮಗನಿಗೆ, ಪಾಸಾದ ಹುಡುಗನಿಗೆ, ನಿವೃತ್ತರಾದ ಮಾಸ್ತರಿಗೆ ಕೊಡುವ ವಾಚು ಅಂದರೆ ಬಹಳ ವರ್ಷ ಅದೇ ಆಗಿತ್ತು. ಬಾಳಿಕೆಗೆ ಹೆಸರಾಗಿತ್ತು, ರಿಪೇರಿ ಎಲ್ಲಾ ಊರಲ್ಲೂ ಆಗುತ್ತಿತ್ತು. ಆದರೂ 80ರ ದಶಕದಲ್ಲಿ ಟೈಟನ್ ಕ್ವಾರ್ಟ್ಜ್ ವಾಚು ಹಿಡಿದು ಬಂದ ಮೇಲೆ ಹಿಂದೆ ಬಿತ್ತು, ನಷ್ಟದ ಮೇಲೆ ನಷ್ಟವಾಯಿತು, 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ವಾಚು ಛಲೋ ಇತ್ತು, ಕಂಪನಿ ಹೋಯಿತು.

ಸ್ಮಾರ್ಟ್‌ವಾಚಿನಲ್ಲೂ ಇದೇ ಕತೆ ನಡೆದಿದೆ. ಪೆಬಲ್ ಅಂತ ಒಂದು ವಾಚು. 2012ರಲ್ಲಿ ಜನರೇ ಮುಂಗಡ ಹಣ ಹಾಕಿ ಮಾಡಿಸಿಕೊಂಡದ್ದು, ಒಂದು ಕೋಟಿ ಡಾಲರಿಗೂ ಮೇಲೆ ಸೇರಿತ್ತು. ಬಿಸಿಲಲ್ಲೂ ಓದಬಹುದಾದ ಸಾದಾ ಪರದೆ, ವಾರದವರೆಗೆ ಬರುವ ಚಾರ್ಜು. ಕಟ್ಟಿಕೊಂಡವರು ಬಹಳ ಇಷ್ಟಪಟ್ಟರು. ನಾಲ್ಕೇ ವರ್ಷದಲ್ಲಿ, 2016ರ ಡಿಸೆಂಬರಿನಲ್ಲಿ, ಅದು ಫಿಟ್‌ಬಿಟ್ ಕಂಪನಿಯ ಪಾಲಾಯಿತು. ಆ ಫಿಟ್‌ಬಿಟ್ಟನ್ನು ಗೂಗಲ್ ಕೊಂಡುಕೊಂಡಿತು, 2021ರಲ್ಲಿ ಆ ಖರೀದಿ ಪೂರ್ತಿಯಾಯಿತು. ನೀವು ಹೇಳಿದ ನಾಲ್ಕು ವರ್ಷದ ಲೆಕ್ಕ ಪೆಬಲ್ಲಿನ ಮಟ್ಟಿಗೆ ಬರೋಬ್ಬರಿ ಇದೆ.

ಆದರೆ ಇಡೀ ಧಂದೆ ಮುಚ್ಚುತ್ತದೆ ಅನ್ನೋದನ್ನು ನಾನು ಒಪ್ಪಲ್ಲ. 2015ರ ಏಪ್ರಿಲಿನಲ್ಲಿ ಆಪಲ್ ವಾಚು ಬಂದಾಗಲೂ ಇದೇ ಮಾತು ಕೇಳಿಬಂದಿತ್ತು. ಆಗ ಆ ಕಂಪನಿಗೂ ಇದು ಯಾತಕ್ಕೆ ಅಂತ ಪೂರ್ತಿ ಗೊತ್ತಿದ್ದ ಹಾಗೆ ಕಾಣಲ್ಲ. ಹತ್ತು ಸಾವಿರ ಡಾಲರಿಂದ ಶುರುವಾಗುವ ಬಂಗಾರದ ವಾಚೂ ಇಟ್ಟಿದ್ದರು, ಮರುವರ್ಷವೇ ಅದನ್ನು ತೆಗೆದುಹಾಕಿದರು. ಶೋಕಿ ಮಾತು ಬಿಟ್ಟು ವ್ಯಾಯಾಮ, ಹೃದಯ, ಬಿದ್ದರೆ ಗುರುತಿಸೋದು, ಈ ಕಡೆ ತಿರುಗಿದ ಮೇಲೆ ಅದು ಗಟ್ಟಿಯಾಗಿ ನಿಂತಿತು. 2019ರಲ್ಲಿ ಸ್ವಿಟ್ಜರ್ಲೆಂಡಿನ ಎಲ್ಲ ವಾಚು ಕಂಪನಿಗಳು ಸೇರಿ ಮಾರಿದ್ದಕ್ಕಿಂತ ಆಪಲ್ ಒಂದೇ ಹೆಚ್ಚು ವಾಚು ಮಾರಿತು ಅಂತ ಮಾರುಕಟ್ಟೆ ಅಂದಾಜು ಹೇಳಿತು. ಅಂದ ಮಾತ್ರಕ್ಕೆ ಅದು ಏರುತ್ತಲೇ ಇದೆ ಅಂತಲ್ಲ. ವಾಚು, ಇಯರ್‌ಫೋನು ಎಲ್ಲ ಸೇರಿದ ಆಪಲಿನ ಆ ವಿಭಾಗದ ವರಮಾನ 2022ರಲ್ಲಿ ಸುಮಾರು 4,100 ಕೋಟಿ ಡಾಲರ್ ಇತ್ತು, 2024ಕ್ಕೆ 3,700 ಕೋಟಿಗೆ ಇಳಿದಿದೆ.

ಈಗ ಬೀಗರ ಮಾತಿಗೆ ಬರುತ್ತೇನೆ. ಕೋಟಿಗಟ್ಟಲೆ ಜನ ಕೊಂಡರು ಅನ್ನೋದು ಖರೆ. 2023ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ 5 ಕೋಟಿಗೂ ಹೆಚ್ಚು ಸ್ಮಾರ್ಟ್‌ವಾಚು ಬಂದವು. ಸರಾಸರಿ ಬೆಲೆ ಎರಡು ಸಾವಿರ ರೂಪಾಯಿಯ ಆಸುಪಾಸು. ಅಂದರೆ ಬೀಗರ ಕೈಯಲ್ಲಿರುವ ವಾಚಲ್ಲ, ನಿಮ್ಮ ಕಪಾಟಿನಲ್ಲಿರುವ ವಾಚೇ ಕೋಟಿಗಟ್ಟಲೆ ಹೋದದ್ದು. ಮರುವರ್ಷ, 2024ರಲ್ಲಿ, ಆ ಸಂಖ್ಯೆ ಮೂರನೇ ಒಂದು ಪಾಲಿನಷ್ಟು ಕುಸಿಯಿತು. ಮೊದಲ ವಾಚು ಕೊಂಡವರು ಎರಡನೆಯದಕ್ಕೆ ಅಂಗಡಿಗೆ ಬರಲಿಲ್ಲ ಅಂತ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಕೊಂಡದ್ದರ ಲೆಕ್ಕ ಸಿಗುತ್ತದೆ ಮಾಸ್ತರೇ, ಕಟ್ಟಿಕೊಂಡದ್ದರ ಲೆಕ್ಕ ಯಾರೂ ಬರೆದಿಡಲ್ಲ. ಜನ ದಡ್ಡರಲ್ಲ. ದೊಡ್ಡ ಪರದೆ, ಸಾವಿರದ ಚಿಲ್ಲರೆ ಬೆಲೆ, ಮೇಲೆ ಬಿಪಿ, ಶುಗರು, ಆಕ್ಸಿಜನ್ ಎಲ್ಲಾ ತೋರಿಸುತ್ತೇವೆ ಅನ್ನೋ ಭರವಸೆ. ಕೋವಿಡ್‌ನಲ್ಲಿ ಆಕ್ಸಿಜನ್ ನಂಬರಿಗಾಗಿ ಒದ್ದಾಡಿದವರು ಅದನ್ನು ನಂಬಿ ಕೊಂಡರೆ ಅವರ ತಪ್ಪೇನಿದೆ?

ತಪ್ಪು ಇರೋದು ಆ ಭರವಸೆಯಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮಗೆ ಪೆಟ್ಟು ಬಿದ್ದದ್ದೇ ಇಲ್ಲಿ.

ವಾಚನ್ನು ಕಟ್ಟಿಕೊಂಡೇ ಕತ್ತಲಲ್ಲಿ ಸ್ವಲ್ಪ ಎತ್ತಿ ನೋಡಿ, ಕೆಳಗೆ ಹಸಿರು ದೀಪ ಮಿಣುಕುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗ ಮಣಿಕಟ್ಟಿನಲ್ಲಿ ರಕ್ತ ಜಾಸ್ತಿ ಬರುತ್ತದೆ, ಆಗ ವಾಪಸ್ ಬರುವ ಬೆಳಕು ಕಡಿಮೆ. ಬಡಿತದ ನಡುವೆ ರಕ್ತ ಕಡಿಮೆ, ಬೆಳಕು ಜಾಸ್ತಿ. ಈ ಏರಿಳಿತ ಎಣಿಸಿದರೆ ನಾಡಿ ಬಡಿತ ಸಿಗುತ್ತದೆ. ಸುಮ್ನೆ ಕೂತಾಗ ಒಳ್ಳೆಯ ವಾಚು ಇದನ್ನು ಚೆನ್ನಾಗೇ ಹೇಳುತ್ತದೆ. ಬೆವರು, ಸಡಿಲ ಪಟ್ಟಿ, ಕೈ ಅಲುಗಾಟ, ಹಚ್ಚೆ, ಇವೆಲ್ಲ ಲೆಕ್ಕ ಕೆಡಿಸುತ್ತವೆ.

ಬಿಪಿ ಬೇರೆಯೇ ವಿಷಯ. ರಕ್ತ ಎಷ್ಟು ಒತ್ತಡದಲ್ಲಿ ಹರಿಯುತ್ತಿದೆ ಅಂತ ತಿಳಿಯಲು ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ರಕ್ತನಾಳ ಒತ್ತಿ ನೋಡುತ್ತಾರೆ. ಬರೀ ಬೆಳಕು ಹಾಯಿಸಿ ಆ ಒತ್ತಡವನ್ನು ಅಳೆಯಲಾಗದು, ಅಂದಾಜು ಮಾಡಬಹುದು ಅಷ್ಟೆ. ಸ್ಯಾಮ್ಸಂಗ್‌ನಂಥ ದೊಡ್ಡ ಕಂಪನಿಯ ವಾಚಿನಲ್ಲೂ ಬಿಪಿ ನೋಡಬೇಕಾದರೆ ಮೊದಲು ತೋಳಿನ ಮಶೀನಿನಿಂದ ಅಳೆದು ಆ ನಂಬರನ್ನು ಅದಕ್ಕೆ ಕೊಡಬೇಕು, 28 ದಿನಕ್ಕೊಮ್ಮೆ ಮತ್ತೆ ಅದೇ ಕೆಲಸ. ಹಾಗಿದ್ದಾಗ ಏನನ್ನೂ ಕೇಳದೆ ಒಂದೇ ಬಟನ್ನಿಗೆ 118–78 ಅಂತ ತೋರಿಸುವ ವಾಚು ಆ ನಂಬರನ್ನು ಎಲ್ಲಿಂದ ತಂದಿತು?

ನಮ್ಮ ಆಫೀಸಿನಲ್ಲಿ ಅಂಥದೇ ಒಂದು ವಾಚು ತಂದು ಬದನೆಕಾಯಿಗೆ ಕಟ್ಟಿದೆವು. ಗುಂಡಗಿನ ಬದನೆಕಾಯಿ ಅಲ್ಲ, ಉದ್ದನೆಯದು, ಪಟ್ಟಿ ಬಿಗಿಯಾಗಿ ಕೂರಲಿ ಅಂತ. ಹಸಿರು ದೀಪ ಹತ್ತಿತು, ಸ್ವಲ್ಪ ಹೊತ್ತು ಚಕ್ರ ತಿರುಗಿತು, ನಾಡಿ 76 ಅಂತ ಬಂತು. ಬಿಪಿ ಒತ್ತಿದರೆ 121–79. ಜೀವವೇ ಇಲ್ಲದ ಕಾಯಿಗೆ ಆರೋಗ್ಯವಂತ ಮನುಷ್ಯನ ಬಿಪಿ. ಪ್ರೂಫ್ ತಿದ್ದುವ ನಮ್ಮ ಹಿರಿಯರು ಎರಡು ವರ್ಷದಿಂದ ಬಿಪಿ ಮಾತ್ರೆ ತಗೊಳ್ಳುತ್ತಿದ್ದಾರೆ. ಅದನ್ನು ನೋಡಿ ಅವರು ತಮ್ಮ ವಾಚಿನ ಬಿಪಿ ನೋಡೋದನ್ನು ಅವತ್ತಿಂದಲೇ ಬಿಟ್ಟರು.

ಶುಗರಿನದು ಇನ್ನೂ ಅಪಾಯ. ಚರ್ಮ ಚುಚ್ಚದೆ ಶುಗರ್ ಅಳೆಯುತ್ತೇವೆ ಅನ್ನುವ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರುವರಿಯಲ್ಲಿ ನೇರವಾಗಿ ಎಚ್ಚರಿಸಿದೆ. ಇನ್ಸುಲಿನ್ ತಗೊಳ್ಳುವವರು ಆ ನಂಬರ್ ನೋಡಿ ಡೋಸ್ ಹೆಚ್ಚು ಕಡಿಮೆ ಮಾಡಿದರೆ ಜೀವಕ್ಕೇ ಬರುತ್ತದೆ. ನಮ್ಮ ಓದುಗರಲ್ಲಿ ಶುಗರ್ ಇರುವವರು ದಯವಿಟ್ಟು ಈ ಪ್ಯಾರಾ ಇನ್ನೊಮ್ಮೆ ಓದಿ, ಮನೆಯಲ್ಲಿ ಓದು ಬಾರದವರಿದ್ದರೆ ಅವರಿಗೂ ಓದಿ ಹೇಳಿ.

ಹಾಗಾದರೆ ಬೀಗರದು ಪೂರ್ತಿ ತಪ್ಪಾ? ಅಲ್ಲ. ಆದರೆ ಅವರು ಹೇಳಿದ ರೀತಿ ತಪ್ಪು. ಹಾರ್ಟ್ ಅಟ್ಯಾಕನ್ನು ಅವರ ವಾಚು ಕಂಡುಹಿಡಿಯಲ್ಲ, ಆಪಲ್ ಕಂಪನಿಯೇ ತನ್ನ ವಾಚಿನ ಬಗ್ಗೆ ಇದನ್ನು ಬರೆದು ಹೇಳುತ್ತದೆ. ಎದೆ ಒತ್ತಿದ ಹಾಗಾಗಿ ಬೆವರು ಕಿತ್ತುಕೊಂಡು ಬಂದಾಗ ವಾಚು ಸುಮ್ಮನಿದೆ ಅಂತ ಮನೆಯಲ್ಲಿ ಕೂರಬಾರದು, ನೇರ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೋ ಜಿಮ್ಸ್ ಸರ್ಕಾರಿ ಆಸ್ಪತ್ರೆಗೋ ಹೋಗಬೇಕು. ಇದನ್ನು ಬೀಗರಿಗೆ ನೀವೇ ಹೇಳಿ.

ಒಳ್ಳೆಯ ವಾಚುಗಳು ಹಿಡಿಯೋದು ಬೇರೆ ತೊಂದರೆಯನ್ನು. ಹೃದಯದ ಬಡಿತ ತಾಳ ತಪ್ಪಿ, ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಓಡುವ ಏಟ್ರಿಯಲ್ ಫಿಬ್ರಿಲೇಶನ್ ಅನ್ನೋ ಕಾಯಿಲೆ ಇದೆ. ಬಹಳ ಜನರಿಗೆ ಇದು ಗೊತ್ತೇ ಆಗಲ್ಲ. ಇದರಿಂದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವಾ ಹೊಡೆಯುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಆಪಲ್ ವಾಚು ಕಟ್ಟಿದ 4 ಲಕ್ಷಕ್ಕೂ ಹೆಚ್ಚು ಜನರ ಮೇಲೆ ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ನಾಡಿ ತಾಳ ತಪ್ಪಿದೆ ಅನ್ನೋ ಎಚ್ಚರಿಕೆ ಬಂದದ್ದು ಶೇ 0.52 ಜನರಿಗೆ ಮಾತ್ರ. ಅವರಲ್ಲಿ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಪರೀಕ್ಷೆ ಮಾಡಿಸಿಕೊಂಡವರ ಪೈಕಿ ಶೇ 34ರಷ್ಟು ಜನರಲ್ಲಿ ಆ ಕಾಯಿಲೆ ಕಂಡಿತು. ಈ ಕಾಯಿಲೆ ಬಂದು ಹೋಗುತ್ತಿರುತ್ತದೆ, ಹಾಗಾಗಿ ಉಳಿದವರದೆಲ್ಲ ಸುಳ್ಳು ಎಚ್ಚರಿಕೆ ಅನ್ನೋಕಾಗಲ್ಲ. ನನಗೆ ಇದು ಸಣ್ಣ ಉಪಯೋಗ ಅನಿಸಲ್ಲ. ಬೀಗರ ವಾಚು ಹಾಗೆ ಎಚ್ಚರಿಸಿ, ಅವರು ಹೋಗಿ ಇಸಿಜಿ ಮಾಡಿಸಿ, ಡಾಕ್ಟರು ರಕ್ತ ತೆಳು ಮಾಡುವ ಮಾತ್ರೆ ಶುರು ಮಾಡಿದರೆ, ಒಂದು ಲಕ್ವಾ ತಪ್ಪಬಹುದು. ಎಚ್ಚರಿಕೆ ನೋಡಿ ಅವರು ಸುಮ್ಮನೆ ಒರೆಸಿ ಹಾಕಿದರೆ ದುಬಾರಿ ವಾಚಿಗೂ ನಿಮ್ಮ ಎಚ್‌ಎಂಟಿಗೂ ಏನೂ ವ್ಯತ್ಯಾಸ ಇಲ್ಲ. ವಾಚು ಉಪಯೋಗವಾ ಅಂತ ಯಾರೇ ಕೇಳಲಿ, ನಾನು ತಿರುಗಿ ಕೇಳೋದು ಇದನ್ನೇ: ಅದು ಹೇಳಿದ ಮೇಲೆ ನೀವೇನು ಮಾಡುತ್ತೀರಿ?

ಒಂಟಿಯಾಗಿರುವ ವಯಸ್ಸಾದವರಿಗೆ ಇನ್ನೊಂದು ಅನುಕೂಲ ಇದೆ. ಬಿದ್ದು ಏಳದೇ ಹೋದರೆ ಕೆಲವು ವಾಚುಗಳು ತಾವೇ ಫೋನ್ ಮಾಡುತ್ತವೆ. ಮಕ್ಕಳು ಪುಣೆ, ಹೈದರಾಬಾದು, ಬೆಂಗಳೂರು ಸೇರಿ, ಅಪ್ಪನೋ ಅಮ್ಮನೋ ಊರಲ್ಲಿ ಒಬ್ಬರೇ ಉಳಿದ ಮನೆಗಳು ನಮ್ಮ ಕಡೆ ಎಷ್ಟಿವೆ ಅಂತ ನಿಮಗೇ ಗೊತ್ತು. ಆದರೆ ಮೊಬೈಲು ಹತ್ತಿರ ಇರಬೇಕು ಇಲ್ಲವೇ ವಾಚಿಗೇ ಸಿಮ್ ಇರಬೇಕು, ಜೊತೆಗೆ ನೆಟ್‌ವರ್ಕ್ ಸಿಗಬೇಕು.

ಹೆಜ್ಜೆ ಎಣಿಸೋದರ ಬಗ್ಗೆ ಜಾಸ್ತಿ ಹೇಳಲ್ಲ. ದಿನಕ್ಕೆ 10,000 ಹೆಜ್ಜೆ ಅನ್ನೋದು ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಮಶೀನು ಮಾರಲು ಹುಟ್ಟುಹಾಕಿದ್ದು. ವಯಸ್ಸಾದ ಹೆಂಗಸರ ಮೇಲೆ ಅಮೆರಿಕದಲ್ಲಿ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,400 ಹೆಜ್ಜೆಗೇ ಒಳ್ಳೆಯ ಗುಣ ಕಂಡಿತ್ತು, 7,500 ದಾಟಿದ ಮೇಲೆ ಹೆಚ್ಚಿಗೆ ಏನೂ ಸಿಗಲಿಲ್ಲ. ಕಲಬುರಗಿಯ ಅಪ್ಪನ ಕೆರೆ ಸುತ್ತ ಬೆಳಗ್ಗೆ ನಡೆಯುವವರಲ್ಲಿ ಕೆಲವರು ನಂಬರ್ ತುಂಬಲಿಲ್ಲ ಅಂತ ಮಂಡಿ ನೋವಿದ್ದರೂ ಇನ್ನೊಂದು ಸುತ್ತು ಹೊಡೆಯೋದನ್ನು ನೋಡಿದ್ದೇನೆ, ಅದು ಬೇಡ.

ನಮ್ಮ ಕಡೆಯ ಬಿಸಿಲಿನ ಬಗ್ಗೆ ಯಾವ ಜಾಹೀರಾತೂ ಹೇಳಲ್ಲ, ನಾನು ಹೇಳಲೇಬೇಕು. ಆಪಲ್ ತನ್ನ ಸಾಮಾನ್ಯ ವಾಚುಗಳನ್ನು 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸಿ ಅನ್ನುತ್ತದೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42, 43 ಮಾಮೂಲಿ. ಕಾದಷ್ಟೂ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ, ಬೆವರಿಗೆ ಪಟ್ಟಿಯ ಕೆಳಗೆ ಚರ್ಮ ಕೆಂಪಾಗಿ ತುರಿಸುತ್ತದೆ. ಮಧ್ಯಾಹ್ನ ಹೊಲಕ್ಕೆ ಹೋಗುವವರು, ಬೈಕಿನಲ್ಲಿ ತಿರುಗುವವರು ಬಿಚ್ಚಿಡೋದು ಒಳ್ಳೆಯದು. ಇನ್ನು ಚಾರ್ಜರು. ಅಗ್ಗದ ವಾಚುಗಳಿಗೆ ಅಯಸ್ಕಾಂತದಿಂದ ಅಂಟುವ ಎರಡು ಪಿನ್ನಿನ ಸಣ್ಣ ಕೇಬಲ್ ಬರುತ್ತದೆ. ಅದು ಕಳೆದರೆ ಮುಗಿಯಿತು, ಒಂದರ ಕೇಬಲ್ ಇನ್ನೊಂದಕ್ಕೆ ಕೂರಲ್ಲ, ಪಿನ್ನಿನ ನಡುವಿನ ಅಂತರವೇ ಬೇರೆ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಮೊಬೈಲ್ ಅಂಗಡಿಯವರು ಹೊಸ ವಾಚೇ ತಗೊಳ್ಳಿ ಅನ್ನುತ್ತಾರೆ, ಬೇರೆ ಪಾರ್ಟು ಅವರಿಗೂ ಸಿಗಲ್ಲ. ಕೋಟಿಗಟ್ಟಲೆ ಮಾರಾಟದ ಹಿಂದೆ ಈ ಕಸವೂ ಇದೆ ಅನ್ನೋದು ನನ್ನ ದೊಡ್ಡ ಸಂಕಟ.

ಮತ್ತೆ ಕಟ್ಟಿಕೊಳ್ಳಲಾ ಅಂತ ಕೇಳಿದ್ದೀರಿ. ಕಟ್ಟಿಕೊಳ್ಳಿ, ಮಗ ಪ್ರೀತಿಯಿಂದ ಕಳಿಸಿದ್ದು. ಅದರಲ್ಲಿ ಬಿಪಿಯ ಪುಟ ಮಾತ್ರ ತೆರೆಯಬೇಡಿ. ಡಾಕ್ಟರು ಮಾತ್ರೆ ಬರೆದುಕೊಟ್ಟರೆ ಆ ಹೊತ್ತಿಗೆ ಅಲಾರಂ ಇಟ್ಟುಕೊಳ್ಳಿ, ಮಣಿಕಟ್ಟಿನಲ್ಲೇ ನಡುಗಿ ನೆನಪಿಸುತ್ತದೆ, ಆ ಕೆಲಸಕ್ಕೆ 1,800 ರೂಪಾಯಿಯ ವಾಚೂ ಸಾಕು. ಮಗನಿಗೆ ಫೋನ್ ಮಾಡಿ ಬದನೆಕಾಯಿಯ ವಿಷಯ ಹೇಳಿ, ಮುಂದಿನ ಸಲ ಬರುವಾಗ ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಮಶೀನು ತಾ ಅನ್ನಿ, ಎರಡು ಸಾವಿರದ ಆಸುಪಾಸಿಗೆ ಸಿಗುತ್ತದೆ. ಮಣಿಕಟ್ಟಿನದು ಬೇಡ, ತೋಳಿನದೇ ಇರಲಿ, ಪಟ್ಟಿಯ ಅಳತೆ ನಿಮ್ಮ ತೋಳಿಗೆ ಸರಿ ಇರಲಿ. ಐದು ನಿಮಿಷ ಸುಮ್ಮನೆ ಕೂತು, ಕಾಲು ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ನೋಡಿ. ಬಂದ ನಂಬರನ್ನು ತಾರೀಖಿನ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಡಾಕ್ಟರ ಹತ್ತಿರ ಹೋಗುವಾಗ ಅದನ್ನೂ ತಗೊಂಡು ಹೋಗಿ.

— ಸಂಪಾದಕ