ಮೂಳೆ ಸವೆತಕ್ಕೆ ಆರ್‌ಎನ್‌ಎ ಚಿಕಿತ್ಸೆ: ಮಾತ್ರೆ ಬಿಟ್ಟು ಕಾಯಬಹುದೇ?

ಪ್ರಶ್ನೆ: ನನಗೆ 61 ವರ್ಷ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.8 ಬಂದಿದೆ. ಡಾಕ್ಟರ್ ಮೂಳೆ ಕರಗುವುದನ್ನು ತಗ್ಗಿಸುವ ಅಲೆಂಡ್ರೊನೇಟ್ ಮಾತ್ರೆಯನ್ನು ವಾರಕ್ಕೊಂದರಂತೆ ಬರೆದಿದ್ದಾರೆ. ಮೂಳೆ ಸವೆಯುವುದಕ್ಕೆ ‘ನಾನ್‌ಕೋಡಿಂಗ್ ಆರ್‌ಎನ್‌ಎ’ ಕಾರಣ, ಅದನ್ನು ರಕ್ತದಲ್ಲೇ ಪತ್ತೆ ಮಾಡಬಹುದು, ಹೊಸ ಚಿಕಿತ್ಸೆಯೂ ಬರುತ್ತಿದೆ ಅಂತ ಓದಿದೆ. ಮಾತ್ರೆ ಬಿಟ್ಟು ಅದಕ್ಕೆ ಕಾಯಲೇ? ನನ್ನ ಮಗಳಿಗೂ ಈ ತೊಂದರೆ ಬರುತ್ತದೆಯೇ?

ಉತ್ತರ: ಕಾಯಬೇಡಿ, ಮಾತ್ರೆ ಮುಂದುವರಿಸಿ. ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಇನ್ನೂ ಲ್ಯಾಬಿನಲ್ಲಿದೆ. ನಿಮ್ಮ ಮೂಳೆ ಸವೆಯುತ್ತಿರುವುದು ಈಗ.

ಮೂಳೆ ಒಮ್ಮೆ ಬೆಳೆದು ಸುಮ್ನೆ ನಿಲ್ಲುವ ವಸ್ತುವಲ್ಲ. ಆಸ್ಟಿಯೋಕ್ಲಾಸ್ಟ್ ಕೋಶಗಳು ಹಳೆಯದನ್ನು ಕರಗಿಸುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಹೊಸದನ್ನು ಕಟ್ಟುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಕರಗಿಸುವ ಕೆಲಸ ಜಾಸ್ತಿಯಾಗುತ್ತದೆ. ಕಟ್ಟುವವರು ಆ ವೇಗಕ್ಕೆ ಸಾಲುವುದಿಲ್ಲ.

ಈ ಕೋಶಗಳಿಗೆ ಎಷ್ಟು ಕೆಲಸ ಮಾಡಬೇಕು ಎಂದು ಹೇಳುವ ಸಂಕೇತಗಳಲ್ಲಿ ಆರ್‌ಎನ್‌ಎಗಳೂ (ಡಿಎನ್‌ಎಯಿಂದ ನಕಲಾಗುವ ಅಣುಗಳು) ಸೇರಿವೆ. ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಯ ಮಾಹಿತಿ ಇರುವುದು ಸುಮಾರು ಶೇ 2ರಷ್ಟು ಭಾಗದಲ್ಲಿ ಮಾತ್ರ. ಉಳಿದದ್ದರಿಂದಲೂ ಬೇಕಾದಷ್ಟು ಆರ್‌ಎನ್‌ಎ ಹುಟ್ಟುತ್ತದೆ. ನೀವು ಓದಿದ ನಾನ್‌ಕೋಡಿಂಗ್ ಆರ್‌ಎನ್‌ಎ ಇದೇ: ಅದು ಪ್ರೋಟೀನ್ ಆಗುವುದಿಲ್ಲ, ಬೇರೆ ಜೀನ್‌ಗಳ ಕೆಲಸವನ್ನು ಏರಿಸುತ್ತದೆ ಇಲ್ಲವೇ ತಗ್ಗಿಸುತ್ತದೆ. ಅವುಗಳಲ್ಲಿ ತೀರ ಚಿಕ್ಕವು ಮೈಕ್ರೋ ಆರ್‌ಎನ್‌ಎಗಳು, ಸುಮಾರು 22 ‘ಅಕ್ಷರ’ದಷ್ಟು (ಆರ್‌ಎನ್‌ಎ ಸರಪಳಿಯ ಕೊಂಡಿಗಳಷ್ಟು) ಉದ್ದ. 1993ರಲ್ಲಿ ಒಂದು ಹುಳುವಿನಲ್ಲಿ ಮೊದಲು ಕಂಡ ಇವುಗಳ ಶೋಧಕ್ಕಾಗಿ ವಿಜ್ಞಾನಿಗಳಾದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್‌ಗೆ 2024ರ ನೊಬೆಲ್ ಬಂತು.

ಒಂದನ್ನು ಹತ್ತಿರದಿಂದ ನೋಡೋಣ. ಮೈಕ್ರೋ ಆರ್‌ಎನ್‌ಎ-214 ಎಂಬುದು ಮೂಳೆ ಕಟ್ಟುವ ಕೋಶಕ್ಕೆ ಬೇಕಾದ ಎಟಿಎಫ್4 ಎಂಬ ಪ್ರೋಟೀನನ್ನು ತಡೆಯುತ್ತದೆ. ಮೂಳೆ ಮುರಿದಿದ್ದ ವಯಸ್ಸಾದವರ ಮೂಳೆಯಲ್ಲಿ ಇದು ಹೆಚ್ಚಿದ್ದುದು 2013ರಲ್ಲಿ ವರದಿಯಾಯಿತು. ಇಲಿಗಳಲ್ಲಿ ಇದನ್ನು ತಡೆದಾಗ ಮೂಳೆ ಚೇತರಿಸಿಕೊಂಡಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಕರಗಿಸುವ ಕೋಶಗಳು ಇದನ್ನೇ ಸಣ್ಣ ಪೊಟ್ಟಣಗಳಲ್ಲಿ ತುಂಬಿ ಕಟ್ಟುವ ಕೋಶಗಳಿಗೆ ಕಳಿಸುತ್ತವೆ. ಎದುರಾಳಿಯ ಕೈಯನ್ನೇ ಕಟ್ಟಿಹಾಕಿದ ಹಾಗೆ, ಅಲ್ವಾ?

ಹಾಗಾದರೆ ಇದನ್ನು ತಡೆಯುವ ಔಷಧಿಯನ್ನು ಮನುಷ್ಯರಿಗೂ ಕೊಡಬಹುದಲ್ಲ ಎನ್ನಬಹುದು. ತೊಡಕು ಇಲ್ಲೇ ಇದೆ. ಒಂದು ಮೈಕ್ರೋ ಆರ್‌ಎನ್‌ಎ ನೂರಾರು ಜೀನ್‌ಗಳನ್ನು ಮುಟ್ಟುತ್ತದೆ. 214ಕ್ಕೆ ಹೃದಯದಲ್ಲೂ ಕೆಲಸವಿದೆ. ಅದೂ ಅಲ್ಲದೆ, ರಕ್ತಕ್ಕೆ ಚುಚ್ಚಿದ ಇಂಥ ಔಷಧಿ ಹೆಚ್ಚಾಗಿ ಪಿತ್ತಜನಕಾಂಗ, ಮೂತ್ರಪಿಂಡಗಳಿಗೆ ಹೋಗುತ್ತದೆ. ಮೂಳೆಗೆ ತಲುಪಿಸುವುದೇ ಕಷ್ಟ.

ರಕ್ತ ಪರೀಕ್ಷೆಯ ಮಾತಿಗೆ ಬಂದರೆ, ನಾನು ಅದಕ್ಕೆ ಹಣ ಕೊಡಿ ಎಂದು ಯಾರಿಗೂ ಹೇಳುವುದಿಲ್ಲ. ರಕ್ತ ತೆಗೆಯುವಾಗ ಒಂದಿಷ್ಟು ಕೆಂಪು ಕಣ ಒಡೆದರೂ ಸಾಕು, ಅವುಗಳೊಳಗಿನ ಮೈಕ್ರೋ ಆರ್‌ಎನ್‌ಎ ಸೋರಿ ಲೆಕ್ಕ ತಪ್ಪುತ್ತದೆ. ಚಿಕಿತ್ಸೆ ನಿರ್ಧರಿಸಲು ಡೆಕ್ಸಾ, ವಯಸ್ಸು, ಹಿಂದೆ ಮೂಳೆ ಮುರಿದಿದೆಯೇ ಎಂಬುದೇ ಇವತ್ತಿಗೂ ಆಧಾರ.

ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲೋಟದ ತುಂಬ ನೀರಿನ ಜೊತೆ ನುಂಗಿ. ಆಮೇಲೆ ಕನಿಷ್ಠ ಅರ್ಧ ಗಂಟೆ ಏನೂ ತಿನ್ನಬೇಡಿ, ಮಲಗಬೇಡಿ. ಎದೆಯುರಿ ಬಂದರೆ ನೀವೇ ಬಿಡುವ ಬದಲು ಡಾಕ್ಟರಿಗೆ ಹೇಳಿ, ಬೇರೆ ಔಷಧಿಗಳೂ ಇವೆ.

ಮಗಳ ವಿಷಯ. ಒಂದೇ ಆರ್‌ಎನ್‌ಎ ಜೀನಿನ ದೋಷದಿಂದ ಮೂಳೆ ಸವೆತ ಬರುವುದು ಬಹಳ ಅಪರೂಪ. ಒಂದೇ ಕುಟುಂಬದ ಇಬ್ಬರು ಹದಿಹರೆಯದವರಲ್ಲಿ ಮೈಕ್ರೋ ಆರ್‌ಎನ್‌ಎ-2861ರ ದೋಷ ಸಿಕ್ಕಿದ್ದು 2009ರಲ್ಲಿ ದಾಖಲಾಗಿದೆ. ನಿಮ್ಮದು 61ರಲ್ಲಿ ಕಾಣಿಸಿಕೊಂಡದ್ದು, ಆ ಬಗೆಯದಲ್ಲ. ಆದರೂ ಮೂಳೆಯ ಗಟ್ಟಿತನ ವಂಶದಿಂದಲೂ ಬರುತ್ತದೆ. ನಿಮ್ಮ ಸೊಂಟದ ಮೂಳೆ ಎಂದಾದರೂ ಮುರಿದಿದ್ದರೆ ಮಗಳು ಅದನ್ನು ತನ್ನ ಡಾಕ್ಟರಿಗೆ ಹೇಳಲಿ. ಮೂಳೆ ಮುರಿಯುವ ಅಪಾಯ ಲೆಕ್ಕ ಹಾಕುವಾಗ ತಂದೆ-ತಾಯಿಯ ಬಗ್ಗೆ ಅವರು ಕೇಳುವುದು ಅದನ್ನೇ.