ಗೀಸರ್ ಮೇಲೆ ಬರೆದ 2000 ವ್ಯಾಟ್ ಎಲ್ಲಿ ಹೋಯ್ತು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಸಂಜೆಯಾದರೆ ವೋಲ್ಟೇಜ್ 180ಕ್ಕೆ ಇಳಿಯುತ್ತೆ. ಮನೆಯ 15 ಲೀಟರ್ ಗೀಸರ್ ಮೇಲೆ 2000 ವ್ಯಾಟ್, 230 ವೋಲ್ಟ್ ಅಂತ ಬರೆದಿದೆ. ವೋಲ್ಟ್ ಮತ್ತು ಆಂಪಿಯರ್ ಗುಣಿಸಿದರೆ ವ್ಯಾಟ್ ಅಂತ ಮಗಳ ಪಾಠದಲ್ಲಿ ನೋಡಿದೆ. ಹಾಗಾದರೆ ವೋಲ್ಟೇಜ್ ಇಳಿದಾಗ ಗೀಸರ್ ಜಾಸ್ತಿ ಕರೆಂಟ್ ಎಳೆಯಬೇಕಲ್ವಾ? 2000ವನ್ನು 180ರಿಂದ ಭಾಗಿಸಿದರೆ 11 ಆಂಪಿಯರ್ ಆಗುತ್ತೆ. ವೈರಿಂಗ್‌ನವರ ಕ್ಲ್ಯಾಂಪ್ ಮೀಟರ್ 6.8 ಅಷ್ಟೇ ತೋರಿಸಿತು. ಮೀಟರ್ ಕೆಟ್ಟಿದೆಯಾ?

ಉತ್ತರ: ಮೀಟರ್ ಸರಿ ಇದೆ, ನಿಮ್ಮ ಭಾಗಾಕಾರವೂ ಸರಿ ಇದೆ. ತಪ್ಪಿದ್ದು ಎಲ್ಲಿ ಅಂದ್ರೆ, 2000 ವ್ಯಾಟ್ ಅನ್ನೋದು ಬದಲಾಗದ ಸಂಖ್ಯೆ ಅಂತ ನೀವು ಹಿಡಿದುಕೊಂಡಿರಿ. ಅದು 230 ವೋಲ್ಟ್ ಬಂದಾಗಿನ ಮಾತು. ಗೀಸರಿನಲ್ಲಿ ಹೆಚ್ಚು ಕಮ್ಮಿ ಬದಲಾಗದೆ ಇರೋದು ಒಳಗಿನ ಕಾಯಿಲ್‌ನ ರೋಧ, ಅಂಗಡಿ ಭಾಷೆಯಲ್ಲಿ ರೆಸಿಸ್ಟೆನ್ಸ್.

ಮೊದಲು ಅದನ್ನೇ ಲೆಕ್ಕ ಹಾಕಿ. 2000ವನ್ನು 230ರಿಂದ ಭಾಗಿಸಿದರೆ 8.7 ಆಂಪಿಯರ್. 230ನ್ನು ಈ 8.7ರಿಂದ ಭಾಗಿಸಿ, ಸುಮಾರು 26.4 ಓಮ್ ಬರುತ್ತೆ. ಗೀಸರ್ ಆಫ್ ಮಾಡಿ, ವೈರ್ ಬಿಚ್ಚಿ, ಮಲ್ಟಿಮೀಟರ್ ಇಟ್ಟರೂ ಇದರ ಆಸುಪಾಸೇ ಸಿಗುತ್ತೆ, ಯಾಕಂದ್ರೆ ಕಾಯಿಲ್ ನೈಕ್ರೋಮ್ ತಂತಿಯದು, ಎಷ್ಟು ಕಾದರೂ ಅದರ ರೋಧ ಅಷ್ಟಾಗಿ ಏರುವುದಿಲ್ಲ. ಈಗ ಸಂಜೆಯ 180ನ್ನು 26.4ರಿಂದ ಭಾಗಿಸಿ. 6.8 ಆಂಪಿಯರ್! ನಿಮ್ಮ ವೈರಿಂಗ್‌ನವರ ಮೀಟರ್ ತೋರಿಸಿದ್ದೂ ಅಷ್ಟೇ ಅಲ್ವಾ.

ಇನ್ನು ವ್ಯಾಟ್. 180ನ್ನು 6.8ರಿಂದ ಗುಣಿಸಿದರೆ ಸುಮಾರು 1225. ವೋಲ್ಟೇಜ್ ಐದರಲ್ಲಿ ಒಂದು ಪಾಲು ಇಳಿದರೆ ವ್ಯಾಟ್ ಐದರಲ್ಲಿ ಹತ್ತಿರ ಹತ್ತಿರ ಎರಡು ಪಾಲು ಹೋಯ್ತು. ವೋಲ್ಟೇಜ್ ಇಳಿದಾಗ ಕರೆಂಟೂ ಜೊತೆಗೇ ಇಳಿಯುತ್ತಲ್ಲ, ಎರಡು ಕಡೆಯಿಂದ ಹೊಡೆತ. 25 ಡಿಗ್ರಿಯ 15 ಲೀಟರ್ ನೀರನ್ನು 60 ಡಿಗ್ರಿಗೆ ತರಲು ಬೆಳಿಗ್ಗೆ 18 ನಿಮಿಷ ಸಾಕಾದರೆ, ಸಂಜೆ ಅರ್ಧ ಗಂಟೆ ಬೇಕು. ಹಾಗಂತ ಬಿಲ್ ಉಳಿಯುತ್ತೆ ಅಂದುಕೊಳ್ಳಬೇಡಿ. ನೀರು ಕಾಯಲು ಬೇಕಾದ ಶಾಖ ಅಷ್ಟೇ. ಎರಡೂ ಹೊತ್ತಿನಲ್ಲಿ ಸುಮಾರು 0.6 ಯೂನಿಟ್ ಓಡುತ್ತೆ, ಸಂಜೆ ಕಾಯುವವರ ತಾಳ್ಮೆ ಮಾತ್ರ ಜಾಸ್ತಿ ಖರ್ಚು.

ಅಂದಹಾಗೆ, ನಿಮ್ಮ ತರ್ಕ ಪೂರ್ತಿ ದಂಡ ಅಲ್ಲ. ಅದನ್ನು ತೋಟದ ಪಂಪ್‌ಸೆಟ್‌ಗೆ ಹಚ್ಚಿ. ಮೋಟಾರು ನೀರೆತ್ತುವ ಕೆಲಸ ಬಿಡಲ್ಲ. ವೋಲ್ಟೇಜ್ ಕಮ್ಮಿಯಾದರೆ ನಿಜವಾಗಿಯೂ ಜಾಸ್ತಿ ಕರೆಂಟ್ ಎಳೆಯುತ್ತೆ, ಬಿಸಿಯಾಗುತ್ತೆ, ಕೊನೆಗೆ ವೈಂಡಿಂಗ್ ಸುಟ್ಟುಕೊಳ್ಳುತ್ತೆ. ಲೋ ವೋಲ್ಟೇಜ್‌ನಲ್ಲಿ ಗೀಸರ್ ಹಾಕಿದರೆ ಏನೂ ಆಗಲ್ಲ, ಮೋಟಾರ್ ಹಾಕಬೇಡಿ.

ವೋಲ್ಟೇಜ್ ನಿಲ್ಲದ ಈ ಕಾಟ, ನಾವು ಮೇಲೆ ಹಾಕಿದ ಭಾಗಾಕಾರದ ನಿಯಮ ಕಂಡುಹಿಡಿದ ಓಮ್‌ನನ್ನೂ ಬಿಟ್ಟಿರಲಿಲ್ಲ. ಜರ್ಮನಿಯ ಕಲೋನ್‌ನಲ್ಲಿ ಮೇಷ್ಟ್ರಾಗಿದ್ದ ಗಿಯೋರ್ಗ್ ಓಮ್ ಮೊದಲು ಬ್ಯಾಟರಿ ಇಟ್ಟುಕೊಂಡು ಅಳೆಯಲು ಹೋದ. ಆಗಿನ ಬ್ಯಾಟರಿಗಳ ವೋಲ್ಟೇಜ್ ನೋಡ್ತಾ ನೋಡ್ತಾ ಇಳಿಯುತ್ತಿತ್ತು. ಕೊನೆಗೆ ತಾಮ್ರ ಮತ್ತು ಬಿಸ್ಮತ್ ಜೋಡಿಸಿ, ಒಂದು ಜೋಡಣೆಯನ್ನು ಕುದಿಯುವ ನೀರಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಅಲುಗಾಡದ ಕರೆಂಟ್ ಪಡೆದ. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟ್ ಅನ್ನೋ ಓಮ್ ನಿಯಮದ ಅವನ ಪುಸ್ತಕ 1827ರಲ್ಲಿ ಬಂತು.

ಪ್ರಶ್ನೆ: 60 ವ್ಯಾಟಿನ ಹಳೇ ಹಳದಿ ಬಲ್ಬನ್ನು ಮಲ್ಟಿಮೀಟರ್‌ನಲ್ಲಿ ನೋಡಿದೆ, 65 ಓಮ್. ಲೆಕ್ಕ ಹಾಕಿದರೆ 800 ವ್ಯಾಟ್ ದಾಟುತ್ತೆ! ಓಮ್ ನಿಯಮ ಬಲ್ಬಿಗೆ ಇಲ್ವಾ?

ಉತ್ತರ: ಇದೆ. ನೀವು ಅಳೆದದ್ದು ತಣ್ಣಗಿನ ಬಲ್ಬು. ಉರಿಯುವಾಗ ಟಂಗ್‌ಸ್ಟನ್ ತಂತಿ 2500 ಡಿಗ್ರಿ ಹತ್ತಿರ ಹೋಗುತ್ತೆ, ರೋಧ ಏರಿ 880 ಓಮ್ ಆಗುತ್ತೆ. ನಿಮ್ಮ 800 ವ್ಯಾಟ್ ಕೂಡ ಸುಳ್ಳಲ್ಲ, ಸ್ವಿಚ್ ಒತ್ತಿದ ಕ್ಷಣ, ತಂತಿ ಕಾಯುವ ಮೊದಲು, ಅಷ್ಟು ಎಳೆದೇ ಎಳೆಯುತ್ತೆ. ಬಲ್ಬು ಹೆಚ್ಚಾಗಿ ಸ್ವಿಚ್ ಹಾಕಿದಾಗಲೇ ಟಪ್ ಅಂತ ಹೋಗೋದು ಅದಕ್ಕೇ. ಇದೇ ಲೆಕ್ಕ ಎಲ್‌ಇಡಿ ಬಲ್ಬಿಗೆ ಹಾಕಬೇಡಿ, ಒಳಗೆ ಸರ್ಕ್ಯೂಟ್ ಇದೆ, ಮಲ್ಟಿಮೀಟರ್ ಏನೇನೋ ತೋರಿಸುತ್ತೆ.

ಪ್ರಶ್ನೆ: ಗೀಸರ್ ಚೆನ್ನಾಗೇ ಕೆಲಸ ಮಾಡುತ್ತೆ, ಆದರೆ ಪ್ಲಗ್ ಮಾತ್ರ ಕಂದು ಬಣ್ಣಕ್ಕೆ ತಿರುಗಿ ವಾಸನೆ ಬರುತ್ತಿದೆ. ಯಾಕೆ?

ಉತ್ತರ: ಸಾಕೆಟ್ ಒಳಗಿನ ಹಿತ್ತಾಳೆ ಎಲೆ ಸಡಿಲವಾಗಿರಬೇಕು, ಇಲ್ಲಾ ಸ್ಕ್ರೂ ಲೂಸ್ ಇರಬೇಕು. ಅಲ್ಲಿ ಬರೀ ಅರ್ಧ ಓಮ್ ಇದೆ ಅಂತಿಟ್ಟುಕೊಳ್ಳಿ. ನಿಮ್ಮದೂ 2000 ವ್ಯಾಟಿನದೇ ಆದರೆ, ಈ ಅರ್ಧ ಓಮ್ ಸೇರಿದ್ದರಿಂದ 8.7ರ ಬದಲು 8.5 ಆಂಪಿಯರ್ ಅದರ ಮೂಲಕ ಹರಿಯುತ್ತೆ. ಗುಣಿಸಿದರೆ ಅಲ್ಲಿ ಕಳೆದುಹೋಗುವುದು ನಾಲ್ಕೇ ನಾಲ್ಕು ವೋಲ್ಟ್, ಗೀಸರಿಗೆ ಗೊತ್ತೂ ಆಗಲ್ಲ. ಆದರೆ 4.25 ವೋಲ್ಟನ್ನು 8.5ರಿಂದ ಗುಣಿಸಿ ನೋಡಿ, 36 ವ್ಯಾಟ್. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದಕ್ಕಿಂತ ಹೆಚ್ಚು ಶಾಖ ಕಾರುವುದೊಂದು ಪ್ಲಾಸ್ಟಿಕ್ ಪ್ಲಗ್ ಒಳಗೆ ಕೂತಿದೆ. ಇವತ್ತೇ ಎಂಸಿಬಿ ಇಳಿಸಿ. ಪ್ಲಗ್ ಒಂದನ್ನೇ ಬದಲಾಯಿಸಿದರೆ ಹದಿನೈದು ದಿನಕ್ಕೆ ಹೊಸದೂ ಕಂದಾಗುತ್ತೆ, ಸಾಕೆಟ್ ಕೂಡ ತೆಗೆಸಿ 16 ಆಂಪಿಯರಿನದು ಹಾಕಿಸಿ.