ಗುಡಿಯ ಬಾಗಿಲಲ್ಲಿ ಬಿಪಿ ಮೆಷಿನ್

ಪ್ರಶ್ನೆ: ಆಶಾ ಕಾರ್ಯಕರ್ತೆ ಎಷ್ಟು ಕರೆದರೂ ನಮ್ಮೂರಿನವರು ಬಿಪಿ, ಶುಗರ್ ತೋರಿಸಲು ಬರುವುದಿಲ್ಲ. ಗುಡಿ, ಮಸೀದಿಯವರಿಂದ ಹೇಳಿಸಿದರೆ ಉಪಯೋಗ ಆಗುತ್ತಾ?

ಉತ್ತರ: ಆಗುತ್ತೆ, ಆದರೆ ಮೈಕಿನಲ್ಲಿ ಸುಮ್ನೆ ಕೂಗಿಸಿದರೆ ಸಾಲದು. ಪೋಲಿಯೊ ಕಾಲ ನೆನಪಿದೆ ಅಲ್ವಾ? ಹನಿ ಹಾಕಿಸಿದರೆ ಮುಂದೆ ಮಕ್ಕಳಾಗಲ್ಲ ಅಂತ ಪಶ್ಚಿಮ ಉತ್ತರ ಪ್ರದೇಶದಲ್ಲಿ ಗಾಳಿಸುದ್ದಿ ಹಬ್ಬಿ, ಎಷ್ಟೋ ಮನೆಯವರು ಬಾಗಿಲೇ ತೆರೆಯುತ್ತಿರಲಿಲ್ಲ. ಆಗ ಇಮಾಮರು ಮಸೀದಿಯಿಂದಲೇ ಲಸಿಕೆಯ ದಿನ ಸಾರಿದರು, ಅದೇ ಓಣಿಯ ಹೆಂಗಸರು ಮನೆಮನೆಗೆ ಹೋಗಿ ಕೂತು ಮಾತಾಡಿದರು. 2014ರಲ್ಲಿ ಭಾರತ ಪೋಲಿಯೊಮುಕ್ತ ಅನಿಸಿಕೊಂಡಿತು.

ನೀವು ಮೊದಲು ಅರ್ಚಕರದೂ ಮೌಲ್ವಿಗಳದೂ ಬಿಪಿ ನೋಡಿ, ಎಲ್ಲರೆದುರೇ. ಶುಕ್ರವಾರ ನಮಾಜ್ ಮುಗಿದ ಮೇಲೆ, ಶನಿವಾರ ಗುಡಿಯಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕ ಒಂದು ಮೇಜು ಹಾಕಿ. ಶುಗರ್ ಮಾತ್ರ ಪ್ರಸಾದಕ್ಕೆ ಮುಂಚೆಯೇ ನೋಡಿಬಿಡಿ!